ಹೈಸ್ಕೂಲ್ ಓಟದ ಸಮಯ ಹಾಕುವವರಿಗೆ

ಗೆಳೆಯರೇ, ಅಮೆರಿಕದ ಹೈಸ್ಕೂಲ್ ಮಕ್ಕಳ ಸಮಯ ಇಲ್ಲಿ ಹಾಕುವಾಗ ಅದು 1600 ಮೀಟರೋ ಪೂರ್ತಿ ಮೈಲಿಯೋ ಅಂತ ದಯವಿಟ್ಟು ಬರೆಯಿರಿ. ಮೈಲಿ 1600 ಮೀಟರಿಗಿಂತ 9 ಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ. ಮೈಲಿಯನ್ನು ನಾಲ್ಕು ನಿಮಿಷದಲ್ಲಿ ಮುಗಿಸುವ ವೇಗದಲ್ಲಿ ಅದು ಒಂದು ಸೆಕೆಂಡಿಗೂ ಮೇಲೆ. ಆ ನಾಲ್ಕು ನಿಮಿಷದ ಗಡಿ ದಾಟಿದರೋ ಇಲ್ಲವೋ ಅನ್ನೋದು ಬದಲಾಗಲು ಅಷ್ಟೇ ಸಾಕು, ಅಲ್ವಾ?

1964ರಲ್ಲಿ ಅಮೆರಿಕದ ಜಿಮ್ ರ್ಯನ್ ಹೈಸ್ಕೂಲಿನಲ್ಲಿದ್ದಾಗಲೇ ಆ ಗಡಿ ದಾಟಿದರು. ಮರುವರ್ಷ ಒಲಿಂಪಿಕ್ ಚಾಂಪಿಯನ್ ಪೀಟರ್ ಸ್ನೆಲ್ ಅವರನ್ನೇ ಹಿಂದೆ ಹಾಕಿ 3:55.3ರಲ್ಲಿ ಮುಗಿಸಿದರು. ಆಗಿನ ಟ್ರ್ಯಾಕ್, ಆಗಿನ ಶೂ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1967ರ ನಂತರ 2001ರವರೆಗೆ ಅಮೆರಿಕದ ಯಾವ ಹೈಸ್ಕೂಲ್ ಹುಡುಗನಿಗೂ ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಲು ಆಗಲಿಲ್ಲ. ಆ ವರ್ಷ ಅಲನ್ ವೆಬ್ ಯೂಜೀನ್‌ನಲ್ಲಿ 3:53.43 ಓಡಿದರು.

ಈಗ ಒಂದೇ ವರ್ಷದಲ್ಲಿ ಹಲವರು ದಾಟುತ್ತಾರೆ. 2025ರಲ್ಲಿ ನ್ಯೂಜಿಲೆಂಡ್‌ನ ಸ್ಯಾಮ್ ರೂಥ್ 15ನೇ ವಯಸ್ಸಿಗೇ ದಾಟಿದ! ಹೊಸ ಫೋಮ್ ಸ್ಪೈಕ್ಸ್ (ಪುಟಿಯುವ ಫೋಮ್ ಅಡಿಯ, ಮೊಳೆಯಿರುವ ಓಟದ ಶೂ) ನೆರವಾಗಿದೆ, ನಿಜ. ಆದರೆ ಸುಮ್ನೆ ಶೂ ಮಹಿಮೆ ಅಂತ ತಳ್ಳಿಹಾಕಬೇಡಿ. ಒಳ್ಳೆಯ ತರಬೇತಿಯ ವಿವರ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಪಕ್ಕದಲ್ಲೇ ಸಮಬಲದ ಹುಡುಗರೂ ಓಡುತ್ತಿರುತ್ತಾರೆ. ಅದರ ಪಾಲೇ ದೊಡ್ಡದು ಅಂತ ನನ್ನ ಅನಿಸಿಕೆ.

ಹಳೆಯ ಸಮಯ ಹಾಕಿದರೆ ವರ್ಷವನ್ನೂ ಸೇರಿಸಿ.