ಪಂಪಿನ ಟಿಕ್ ಟಿಕ್

ಮಾರಾಯ,

"ಹಳೆ ಕಾರಿನ ರಿಪೇರಿ ಎಲ್ಲಿಗೆ ಬಂತು?" ಎಂದು ನೀನು ಕೇಳಿ ಹದಿನೈದು ದಿನವಾಯಿತು. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಕೇಳುವವನು ನೀನೊಬ್ಬನೇ ಅಲ್ಲ. ಮುಳ್ಳೇರಿಯ ಪೇಟೆಗೆ ಹಾಲಿಗೆ ಹೋದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅದಕ್ಕೇ ಎಲ್ಲರ ಎದುರಲ್ಲೇ ಬರೆಯುತ್ತಿದ್ದೇನೆ. ಬೇಸರ ಇಲ್ಲ ಅಲ್ವಾ? ಹದಿನಾಲ್ಕು ರೂಪಾಯಿಯ ವಿಷಯ ಬರೆಯುವುದಿಲ್ಲ, ಹೆದರಬೇಡ.

ಕಾರು ಓಡುತ್ತಿದೆ! ಮೊನ್ನೆ ಆದೂರಿನವರೆಗೆ ಹೋಗಿ ಬಂದೆ. ಹೋಗುವಾಗ ಎಂಟು ಜನ ಕೈಬೀಸಿದರು, ಬರುವಾಗ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಹಾರ್ನ್ ಡ್ಯಾಶ್‌ಬೋರ್ಡಿನ ನಡುವೆ ಇರುವುದು ನಿನಗೆ ಗೊತ್ತಲ್ಲ, ನನ್ನ ಕೈ ಮಾತ್ರ ಈಗಲೂ ಸ್ಟೇರಿಂಗಿನ ನಡುವಿಗೇ ಹೋಗುತ್ತದೆ.

ಹೊಸಬರು ಓದುತ್ತಿದ್ದರೆ ಇಷ್ಟು ಹೇಳಬೇಕು. ಇದು 1957ರ ಎಂಜಿಎ. ಈಗ ರಸ್ತೆಯಲ್ಲಿ ಓಡಾಡುವ ಕರೆಂಟಿನ ಎಂಜಿ ಅಲ್ಲ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1955ರಿಂದ 1962ರವರೆಗೆ ತಯಾರಾದ ಎರಡು ಸೀಟಿನ ಕಾರು. ಒಂದು ಲಕ್ಷಕ್ಕೂ ಜಾಸ್ತಿ ಮಾಡಿದರು, ಹೆಚ್ಚಿನವೆಲ್ಲ ಅಮೆರಿಕಕ್ಕೇ ಹೋದವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಈ ಕಾರು ಹುಟ್ಟಿದ್ದು ಅದರ ಮರುವರ್ಷ. ನಮ್ಮ ಕೈಗೆ ಬಂದದ್ದು ಮಡಿಕೇರಿ ಕಡೆಯ ಕಾಫಿ ತೋಟದ ಶೆಡ್ಡಿನಿಂದ. ಲಾರಿಯಲ್ಲಿ ಸಂಪಾಜೆ ಘಾಟಿ ಇಳಿಸಿ, ಸುಳ್ಯ, ಜಾಲ್ಸೂರು ದಾಟಿಸಿ ತಂದ ರಾತ್ರಿ ನೀನೂ ಇದ್ದೆ. ಮಡಿಲಲ್ಲಿ ಹಲಸಿನ ಹಣ್ಣು ಇಟ್ಟುಕೊಂಡು.

ಆಮೇಲಿನ ಕತೆ ನಿನಗೆ ಅರ್ಧ ಗೊತ್ತು. ಈ ಕಾರಿನ ಕಾಲಡಿಯ ಹಲಗೆ ತಗಡಿನದ್ದಲ್ಲ, ಪ್ಲೈವುಡ್ಡಿನದ್ದು. ನಮ್ಮೂರಲ್ಲಿ ಮರ ನೆಲಕ್ಕೆ ಹತ್ತಿರ ಇದ್ದರೆ ಗೆದ್ದಲು ಬಿಡುತ್ತದಾ? ಹಳೆ ಹಟ್ಟಿಯಲ್ಲಿ ನಿಲ್ಲಿಸಿದ ಎರಡೇ ಮಳೆಗಾಲದಲ್ಲಿ ಡ್ರೈವರ್ ಕಡೆಯ ಹಲಗೆ ಹಪ್ಪಳದ ಹಾಗೆ ಮುರಿಯಿತು. ಬಡಗಿ ಹೊಸದು ಕೊಯ್ದು ಕೊಟ್ಟರು. ಅಂಚಿಗೆಲ್ಲ ಎಪಾಕ್ಸಿ ಬಳಿದೆ. ಈಗ ಹಟ್ಟಿಯ ನೆಲದಿಂದ ಒಂದು ಸಾಲು ಮುರಕಲ್ಲು ಎತ್ತರಿಸಿ, ಅದರ ಮೇಲೆ ನಿಲ್ಲಿಸಿದ್ದೇನೆ.

ಮಳೆಗಾಲದಲ್ಲಿ ಬ್ರೇಕಿನದ್ದು ಬೇರೆ ಕತೆ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಆ ನೀರು ಚಕ್ರದ ಒಳಗಿನ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ನಾಲ್ಕು ತಿಂಗಳು ಓಡಿಸದೆ ಇಟ್ಟರೆ ಪೆಡಲ್ ಕಲ್ಲಾಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು, ಬೇರೆ ದಾರಿ ಇಲ್ಲ. ಪೆಟ್ರೋಲಿಗೆ ಈಗ ಎಥನಾಲ್ ಸೇರಿಸುತ್ತಾರಲ್ಲ, ಅದಕ್ಕೆ ಹಳೆಯ ರಬ್ಬರ್ ಪೈಪು ಒಳಗಿಂದಲೇ ಮೆತ್ತಗಾಗಿ ಪುಡಿ ಉದುರುತ್ತಿತ್ತು. ಅವನ್ನೂ ಬದಲಿಸಿದ್ದಾಯಿತು.

ಆದರೆ ನಾನು ಬರೆಯಬೇಕು ಎಂದುಕೊಂಡದ್ದು ನಮ್ಮ ಮೆಕ್ಯಾನಿಕ್ ಆಶಾನ್ ಬಗ್ಗೆ.

ಆಶಾನ್ ಇಲ್ಲದಿದ್ದರೆ ಈ ಕಾರು ಇವತ್ತಿಗೂ ಹಟ್ಟಿಯಲ್ಲೇ ಇರುತ್ತಿತ್ತು. ಎಂಜಿಎ ನೋಡಿದ್ದು ಅವರಿಗೂ ಇದೇ ಮೊದಲು. ಬಾನೆಟ್ ಎತ್ತಿ ಒಂದು ನಿಮಿಷ ಸುಮ್ನೆ ನಿಂತರು. ಆಮೇಲೆ ನಗಾಡಿದರು. "ಇದು ನಮ್ಮ ಅಂಬಾಸಿಡರಲ್ವಾ!" ಹೌದು, ಎರಡೂ 1489 ಸಿಸಿಯ ಒಂದೇ ಎಂಜಿನ್ ಮನೆತನ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಕಾರ್ಬೊರೇಟರ್ ಅಂಬಾಸಿಡರಿಗೆ ಒಂದು, ಇದಕ್ಕೆ ಎರಡು. ನಲವತ್ತು ವರ್ಷ ಟ್ಯಾಕ್ಸಿ ಅಂಬಾಸಿಡರುಗಳನ್ನು ಬಿಚ್ಚಿ ಜೋಡಿಸಿದ ಕೈ ಅದು. ಕಣ್ಣು ಮುಚ್ಚಿ ಡಿಸ್ಟ್ರಿಬ್ಯೂಟರಿನ ಕ್ಲಿಪ್ ತೆಗೆಯುತ್ತಾರೆ. ನಾನು 13ರ ಸ್ಪ್ಯಾನರ್ ಹಿಡಿದು ಹೋದ ಮೊದಲ ದಿನವೇ ಕೈಯಿಂದ ಕಿತ್ತುಕೊಂಡರು. ನಟ್ಟು ಅರ್ಧ ಇಂಚಿನದ್ದು, ಅಂದರೆ 12.7. ಹದಿಮೂರು ಹೊಕ್ಕುತ್ತದೆ, ಆದರೆ ನಟ್ಟಿನ ಮೂಲೆ ತಿಂದುಬಿಡುತ್ತದೆ. ಇಂಚಿನ ಸೆಟ್ ತಂದ ಮೇಲೆಯೇ ನನಗೆ ಕೈ ಹಾಕಲು ಬಿಟ್ಟದ್ದು.

ಅವರ ದೊಡ್ಡ ವಿದ್ಯೆ ಎಂದರೆ ಕಾರ್ಬೊರೇಟರ್. ಎಸ್‌ಯು ಕಂಪೆನಿಯದ್ದು. ಸ್ಕಿನ್ನರ್ ಎಂಬ ಚಪ್ಪಲಿ ವ್ಯಾಪಾರದ ಮನೆತನದವರು ಮಾಡಿದ್ದಂತೆ, ಮೊದಮೊದಲು ಒಳಗೆ ಚರ್ಮದ ತಿದಿ ಇತ್ತಂತೆ. ಇದನ್ನು ಹೇಳಿದಾಗ ಆಶಾನ್ ಎಷ್ಟು ಖುಷಿಪಟ್ಟರೆಂದರೆ ಆ ವಾರ ಬಂದವರಿಗೆಲ್ಲ ಹೇಳಿದರು. ಇದರ ಒಳಗೆ ಒಂದು ಪಿಸ್ಟನ್, ಅದರ ಅಡಿಯಲ್ಲಿ ತುದಿ ಸಪೂರವಾದ ಒಂದು ಸೂಜಿ. ಎಂಜಿನ್ ಗಾಳಿ ಎಳೆದಷ್ಟು ಪಿಸ್ಟನ್ ಮೇಲೇಳುತ್ತದೆ, ಸೂಜಿ ಮೇಲೆದ್ದಷ್ಟು ಪೆಟ್ರೋಲ್ ಜಾಸ್ತಿ ಬರುತ್ತದೆ. ಬೆರಳಿನಿಂದ ಎತ್ತಿ ಬಿಟ್ಟರೆ 'ಟಕ್' ಎಂದು ಬೀಳಬೇಕು. ಎರಡು ಕಾರ್ಬೊರೇಟರ್ ಇದ್ದರೆ ಎರಡೂ ಒಂದೇ ಅಳತೆಗೆ ಗಾಳಿ ಎಳೆಯಬೇಕು. ಅದನ್ನು ನೋಡಲು ಆಶಾನ್ ಹತ್ತಿರ ಇರುವುದು ಒಂದು ಮೊಳ ರಬ್ಬರ್ ಪೈಪು, ಅಷ್ಟೇ. ಒಂದು ತುದಿ ಕಾರ್ಬೊರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಮುಂದಿನದರ 'ಸ್‌ಸ್' ಕೇಳಬೇಕು, ಹಿಂದಿನದರದ್ದು ಕೇಳಬೇಕು, ಎರಡೂ ಒಂದೇ ಸ್ವರಕ್ಕೆ ಬರುವವರೆಗೆ ತಿರುಗಿಸಬೇಕು. ಬಂದ ಮೇಲೆ "ಸಮ ಉಂಡು" ಎಂದು ಹೇಳಿ, ಎಲೆಯಡಿಕೆ ಪೊಟ್ಟಣ ಬಿಚ್ಚುತ್ತಾರೆ.

ಒಂದು ತಿಂಗಳ ಹಿಂದಿನ ಭಾನುವಾರ. ನಾನು ಕೀ ತಿರುಗಿಸಿದೆ. ಸೀಟಿನ ಹಿಂದೆ ಚಾಸಿಗೆ ಕೂರಿಸಿದ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಎಂದು ಶುರುವಾಯಿತು. ಕಾರ್ಬೊರೇಟರಿನ ಬಟ್ಟಲು ತುಂಬುವವರೆಗೆ ಅದು ಬಡಿಯುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಆಶಾನ್ ಕಾರಿನ ಹಿಂದೆಯೇ ನಿಂತಿದ್ದರು. ಸ್ವಲ್ಪ ಕಾದರು. ಆಮೇಲೆ, "ಪಂಪು ಬಡಿಯುವುದಿಲ್ಲವಲ್ಲ" ಎಂದು ಬಗ್ಗಿ, ಸ್ಪ್ಯಾನರಿನ ಹಿಡಿಯಿಂದ ಅದಕ್ಕೆ ಮೆಲ್ಲ ಎರಡೇಟು ಹಾಕಿದರು. ಒಳಗಿನ ಪಾಯಿಂಟ್ ಅಂಟಿಕೊಂಡಾಗ ಹಾಗೆಯೇ ಮಾಡುವುದು. ಆದರೆ ಪಂಪು ಬಡಿಯುತ್ತಲೇ ಇತ್ತು ಮಾರಾಯ. ಅವರ ಮುಖದಿಂದ ಒಂದು ಮೊಳ ದೂರದಲ್ಲಿ.

ನಾನು ಏನೂ ಹೇಳಲಿಲ್ಲ.

ಅವತ್ತು ಅವರು ಪೈಪನ್ನು ಬಲಗಿವಿಗೆ ಇಟ್ಟರು, ಎಡಗಿವಿಗೆ ಇಟ್ಟರು, ಪುನಃ ಬಲಗಿವಿಗೆ. ತುಂಬ ಹೊತ್ತು. ಆಮೇಲೆ "ಸಮ ಉಂಡು" ಎಂದರು. ಸಮ ಇರಲಿಲ್ಲ. ಹಿಂದಿನದು ಸೀಟಿ ಹೊಡೆಯುವ ಮೊದಲಿನ ಕುಕ್ಕರಿನ ಹಾಗೆ ಬುಸುಗುಟ್ಟುತ್ತಿತ್ತು, ಮುಂದಿನದು ಮಲಗಿದವರ ಉಸಿರಿನ ಹಾಗೆ. ನಾನು ಬರೀ ಕಿವಿಯಲ್ಲಿ ಎರಡಡಿ ದೂರದಿಂದ ಕೇಳುತ್ತಿದ್ದೆ. "ಹೌದು ಆಶಾನ್" ಎಂದೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಹಟ್ಟಿಗೆ ಹೋಗಿ, ಗಾಳಿಯನ್ನು ನಾನೇ ಸಮ ಮಾಡಿದೆ. ಹಿಂದಿನದರ ಜೆಟ್ಟಿನ, ಅಂದರೆ ಪೆಟ್ರೋಲ್ ಬರುವ ತೂತಿನ, ನಟ್ಟನ್ನು ಎರಡು ಫ್ಲಾಟ್ ಇಳಿಸಿದೆ. ಫ್ಲಾಟ್ ಎಂದರೆ ನಟ್ಟಿನ ಆರು ಮುಖದಲ್ಲಿ ಒಂದು. ಮುಂದಿನ ಭಾನುವಾರ ಅವರು ಬಂದು ಸ್ಟಾರ್ಟ್ ಮಾಡಿ, ನಕ್ಕು, "ನೋಡು, ಹೇಗೆ ನಿಂತಿದೆ" ಎಂದರು. ಆಮೇಲೆ ಪುನಃ ಪೈಪು ತೆಗೆದರು, ಪುನಃ ತಿರುಗಿಸಿದರು. ರಾತ್ರಿ ಪುನಃ ನಾನು. ಹೀಗೆ ಮೂರು ಭಾನುವಾರ.

ನಲವತ್ತು ವರ್ಷ ಎಂಜಿನಿನ ಪಕ್ಕ ನಿಂತವರ ಕಿವಿ ಅದು. ಹೇಳಬೇಕಿತ್ತು ಅಲ್ವಾ? ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಾಗ ನೆನಪಾದದ್ದು ಅಪ್ಪ.

ನಿನಗೆ ನೆನಪಿರಲಿಕ್ಕಿಲ್ಲ, ಆದರೆ ಅವತ್ತು ನೀನೂ ನಮ್ಮ ಜಗಲಿಯಲ್ಲಿ ಕೂತಿದ್ದೆ. ಅಂಗಳದಲ್ಲಿ ಅಡಿಕೆ ತೂಕ ನಡೆಯುತ್ತಿತ್ತು. ವ್ಯಾಪಾರಿ, ಅವನ ಇಬ್ಬರು ಹುಡುಗರು, ನಮ್ಮ ಕೆಲಸದವರು. ಅಪ್ಪ ಗೋಣಿಯ ತೂಕವನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು, ಯಾವಾಗಲೂ ಬರೆಯುವ ಹಾಗೆ. ಒಂದು ಗೋಣಿಯನ್ನು ಎರಡು ಸಲ ಬರೆದರು. "ಅಪ್ಪಾ, ಲೆಕ್ಕ ತಪ್ಪಿತು, ಕೊಡಿ ಇಲ್ಲಿ" ಎಂದು ನಾನು ಪುಸ್ತಕಕ್ಕೆ ಕೈಚಾಚಿದೆ. ಜೋರಾಗಿ, ಎಲ್ಲರ ಎದುರು. ಅವರು ಪುಸ್ತಕ ಕೊಟ್ಟರು. ನಾನು ಕೇಳದಿದ್ದರೂ ಪೆನ್ಸಿಲನ್ನೂ ಕಿವಿಯ ಮೇಲಿಂದ ತೆಗೆದು ಕೊಟ್ಟರು. ಆಮೇಲೆ ಅಡಿಕೆ ತೂಗುವ ದಿನ ಅವರಿಗೆ ತೋಟದಲ್ಲಿ ಏನಾದರೂ ಕೆಲಸ ಇರುತ್ತಿತ್ತು. ತೀರಿಹೋಗುವವರೆಗೆ, ಮೂರು ವರ್ಷ, ಆ ಪುಸ್ತಕ ಮುಟ್ಟಲಿಲ್ಲ. ನಾನೂ ಒಂದು ದಿನ "ಬನ್ನಿ, ನೀವೇ ಬರೆಯಿರಿ" ಎಂದು ಕರೆಯಲಿಲ್ಲ. ಲೆಕ್ಕ ಸರಿಯಾಗಿ ನಡೆಯುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಇದನ್ನು ಯಾರಿಗೂ ಹೇಳಿದ್ದಿಲ್ಲ. ಮನೆಯಲ್ಲಿ ಅಮ್ಮನಿಗೂ ಹೇಳಿಲ್ಲ. ಇಲ್ಲಿ ಬರೆಯಬೇಕೆಂದು ಕೂತದ್ದೂ ಅಲ್ಲ.

ಆಶಾನ್ ಮನೆಯಲ್ಲಿ ಮಲಯಾಳ, ನನ್ನ ಹತ್ತಿರ ತುಳು. ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಲ್ಲೇ ಇಷ್ಟು ಬರೆದೆ ಎಂದು ಕಾಣುತ್ತದೆ. ಅವರ ಮೊಮ್ಮಗಳು ಹೋಗುವುದು ಕನ್ನಡ ಶಾಲೆಗೆ. ಅವಳು ಓದಿ ಹೇಳಿದರೆ ಹೇಳಲಿ.

ಮೊನ್ನೆ ಭಾನುವಾರದ್ದನ್ನು ಹೇಳದೆ ಪತ್ರ ಮುಗಿಸಲಾಗುವುದಿಲ್ಲ. ಆಶಾನಿಗೆ ಒಂದು ಅಭ್ಯಾಸ ಉಂಟು. ಕೂರಿಸಿದ ನಟ್ಟಿಗೆ ಎಲೆಯಡಿಕೆಯ ಸುಣ್ಣವನ್ನು ಬೆರಳತುದಿಯಲ್ಲಿ ತೆಗೆದು ಒಂದು ಗೆರೆ ಎಳೆಯುತ್ತಾರೆ, ಅಲುಗಿದರೆ ಗೊತ್ತಾಗಲಿ ಎಂದು. ಅದಕ್ಕಿಂತ ಹಿಂದಿನ ವಾರ ಜೆಟ್ಟಿನ ನಟ್ಟಿಗೂ ಎಳೆದಿದ್ದರು. ರಾತ್ರಿ ಟಾರ್ಚಿನ ಬೆಳಕಲ್ಲಿ ನಾನು ನೋಡಲಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಅವರು ಕಾರ್ಬೊರೇಟರಿನ ಅಡಿಗೆ ಬಗ್ಗಿದರು. ಸುಣ್ಣದ ಗೆರೆ ಎರಡು ಫ್ಲಾಟ್ ಆಚೆ ಇತ್ತು. ಸ್ವಲ್ಪ ಹೊತ್ತು ನೋಡಿದರು. ನನ್ನನ್ನು ಕೇಳಲಿಲ್ಲ. ಹೆಬ್ಬೆರಳಿನಿಂದ ಗೆರೆಯನ್ನು ಉಜ್ಜಿ ತೆಗೆದರು. ಆಮೇಲೆ ಆ ರಬ್ಬರ್ ಪೈಪನ್ನು ನನ್ನ ಕೈಗೆ ಕೊಟ್ಟು, "ನೀನು ಕೇಳು" ಎಂದರು.

ಕೇಳಿದೆ. ಎರಡೂ ಒಂದೇ ಸ್ವರ. "ಸಮ ಉಂಡು ಆಶಾನ್" ಎಂದೆ. ಬಾಯಿ ಒಣಗಿತ್ತು.

ಅವರು ಕಾರಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರು. ಕಣ್ಣು ಮುಚ್ಚಿದ್ದರು. ಹೊಗೆ ಅಂಗೈಗೆ ಪುಸುಪುಸು ಬಡಿಯುತ್ತಿತ್ತು. ಎದ್ದು ಅಂಗೈಯನ್ನು ಬಿಸಿಲಿಗೆ ಹಿಡಿದರು. ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು. "ಪ್ಲಗ್ ಬಿಚ್ಚು" ಎಂದರು. ಒಂದು ಮತ್ತು ಎರಡನೇ ಸಿಲಿಂಡರಿನ ಪ್ಲಗ್ಗು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಮೂರು ಮತ್ತು ನಾಲ್ಕು ಮಸಿ. ಹಿಂದಿನ ಕಾರ್ಬೊರೇಟರಿನವು. ನಾನು ಪೆಟ್ರೋಲ್ ಜಾಸ್ತಿ ಬಿಟ್ಟಿದ್ದೆ. ಮೂರು ವಾರದಲ್ಲಿ ಒಂದು ಸಲವೂ ಪ್ಲಗ್ ತೆಗೆದು ನೋಡಿರಲಿಲ್ಲ.

"ಒಂದು ಫ್ಲಾಟ್ ಮೇಲೆ" ಎಂದರು. ಸ್ಪ್ಯಾನರ್ ನನ್ನ ಕೈಯಲ್ಲಿತ್ತು, ನಾನೇ ತಿರುಗಿಸಿದೆ. ಅವರು ಹೊಸ ಸುಣ್ಣದ ಗೆರೆ ಎಳೆದರು.

ಕಿವಿಯ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈ ಭಾನುವಾರ ಎತ್ತಬೇಕು. ಹೇಗೆಂದು ನಿನಗೆ ಹೊಳೆದರೆ ಫೋನ್ ಮಾಡು, ಇಲ್ಲಿ ಬರೆಯಬೇಡ.

ಸಾಕು, ನಿನಗೆ ಕೆಲಸ ಉಂಟು. ಕ್ರಿಸ್ಮಸ್ ರಜೆಗೆ ಬರುವಾಗ ಅರ್ಧ ಇಂಚಿನ ಒಂದು ರಿಂಗ್ ಸ್ಪ್ಯಾನರ್ ತಾ. ನಮ್ಮದು ಬಾವಿಗೆ ಬಿತ್ತು, ಯಾರ ಕೈಯಿಂದ ಎಂದು ಕೇಳಬೇಡ. ಅಮ್ಮ ಹಲಸಿನ ಹಪ್ಪಳದ ಎರಡು ಕಟ್ಟು ನಿನ್ನ ಹೆಸರಲ್ಲಿ ತೆಗೆದಿಟ್ಟಿದ್ದಾರೆ. ಚೆರ್ಕಳದಲ್ಲಿ ಬಸ್ಸಿಳಿದರೆ ಕಾರಲ್ಲೇ ಬಂದು ಕರೆದುಕೊಂಡು ಬರುತ್ತೇನೆ. ಬಾಗಿಲಿಗೆ ಹೊರಗಿನಿಂದ ಹಿಡಿ ಇಲ್ಲ, ಕೈ ಒಳಗೆ ಹಾಕಿ ದಾರ ಎಳೆಯಬೇಕು. ಕಳೆದ ಸಲದ ಹಾಗೆ ಸುತ್ತು ಬರಬೇಡ.

ನಿನ್ನ,
ಹಲಸಿನ ಹಣ್ಣಿಗೆ ಜಾಗ ಬಿಟ್ಟುಕೊಟ್ಟವನು