40 ದಾಟಿದವರ ಬ್ಯಾಚ್ ಇನ್ನು ಬಾರ್ಬೆಲ್ ಮೇಲೆ: ನಮ್ಮ ಸದಸ್ಯರಿಗೊಂದು ಪತ್ರ

ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಜಿಮ್‌ನಲ್ಲಿ 40 ದಾಟಿದವರ ಬ್ಯಾಚ್ ಪೂರ್ತಿ ಬಾರ್ಬೆಲ್ ಮೇಲೆ, ಅಂದರೆ ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಉದ್ದ ಬಾರ್ ಮೇಲೆ ನಡೆಯುತ್ತದೆ. ಗಂಡಸರಿಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ 5:30ರಿಂದ 7. ಹೆಂಗಸರಿಗೆ ಮಂಗಳವಾರ, ಗುರುವಾರ, ಶನಿವಾರ 10:30ರಿಂದ 12. ಒಂದು ಬ್ಯಾಚಿಗೆ 8 ಜನ ಮಾತ್ರ. ಎರಡು ಟ್ರೆಡ್‌ಮಿಲ್ ಮತ್ತು ಭುಜದ ಯಂತ್ರ ಮಾರಿ, ಆ ಜಾಗದಲ್ಲಿ ಎರಡು ಸ್ಕ್ವಾಟ್ ರ್ಯಾಕ್ (ಬಾರ್ ಹೊತ್ತು ಕೂತು ಏಳುವುದಕ್ಕೆ ಬೇಕಾದ ಸ್ಟ್ಯಾಂಡ್) ನಿಲ್ಲಿಸಿದ್ದೇವೆ. ಫೀ ಕೂಡ ತಿಂಗಳ ಲೆಕ್ಕ ಹೋಗಿ ಮೂರು ತಿಂಗಳ ಲೆಕ್ಕ ಆಗುತ್ತದೆ. ಸುದ್ದಿ ಗೊತ್ತಾದ ಕೂಡಲೇ ಕೆಲವರು ಕೌಂಟರಿಗೆ ಬಂದು "ಈ ವಯಸ್ಸಿಗೆ ಇದೆಲ್ಲಾ ಬೇಕಾ ಸರ್" ಅಂತ ಕೇಳಿದರು. ಕೆಲವರು ಏನೂ ಕೇಳದೆ ಮುಖ ಸಪ್ಪಗೆ ಮಾಡಿಕೊಂಡು ಹೋದರು. ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇವೆ.

ನಮ್ಮ ಯಂತ್ರಗಳಲ್ಲಿ ಪಿನ್ ಒಂದು ತೂತು ಕೆಳಗೆ ಇಳಿಸಿದರೆ ತೂಕ 5 ಕೆಜಿ ಏರುತ್ತದೆ. 22ರ ಹುಡುಗನಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 52ರ ಒಬ್ಬ ಅಕ್ಕ 20 ಕೆಜಿಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದಾರೆ ಅಂದುಕೊಳ್ಳಿ. ಅವರಿಗೆ ಮುಂದಿನದು 25. ಒಂದೇ ಏಟಿಗೆ ಕಾಲು ಭಾಗ ಜಾಸ್ತಿ! ಆಗುವುದಿಲ್ಲ. ಹಾಗಾಗಿ ಅವರು ಅದೇ 20ರಲ್ಲೇ ತಿಂಗಳುಗಟ್ಟಲೆ ಉಳಿಯುತ್ತಾರೆ, ಬೆವರು ಬರುತ್ತದೆ, ಫೀ ಕಟ್ಟುತ್ತಾರೆ, ಶಕ್ತಿ ಮಾತ್ರ ಇದ್ದಲ್ಲೇ ಇರುತ್ತದೆ. ಬಾರ್‌ಗೆ ಆ ಕಡೆ ಅರ್ಧ ಕೆಜಿ, ಈ ಕಡೆ ಅರ್ಧ ಕೆಜಿ ಹಾಕಿದರೆ 21 ಆಗುತ್ತದೆ. ಅದು ಆಗುತ್ತದೆ. ನಾವು ಇಷ್ಟೆಲ್ಲಾ ಎತ್ತಂಗಡಿ ಮಾಡಿದ್ದಕ್ಕೆ ದೊಡ್ಡ ಕಾರಣ ಇದೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಚಿಕ್ಕ ಪ್ಲೇಟ್ ಒಂದೂಕಾಲು ಕೆಜಿಯದು, ಎರಡೂ ಕಡೆ ಸೇರಿ ಎರಡೂವರೆ ಆಯಿತು, ಅದೂ ಕೆಲವರಿಗೆ ಜಾಸ್ತಿಯೇ. ಅದಕ್ಕೆ ಊರಿನ ಲೇಥ್ ಅಂಗಡಿಯಲ್ಲೇ ಅರ್ಧ ಕೆಜಿಯ ಕಬ್ಬಿಣದ ಬಿಲ್ಲೆಗಳನ್ನು ಮಾಡಿಸಿದ್ದೇವೆ. ನೋಡಲು ಚೆಂದ ಇಲ್ಲ, ತೂಕ ಸರಿ ಇದೆ. ಹಳೆಯ ಪ್ಲೇಟುಗಳನ್ನೂ ಅಕ್ಕಿ ತೂಗುವ ಕಾಟಾದ ಮೇಲೆ ಒಂದೊಂದಾಗಿ ಇಟ್ಟು, ನಿಜವಾದ ತೂಕವನ್ನು ಬಣ್ಣದಲ್ಲಿ ಬರೆಸಿದ್ದೇವೆ.

"ನಾವು ಗಂಗಾವತಿಯವರು, ಚಿಕ್ಕಂದಿನಿಂದ ಭತ್ತದ ಚೀಲ ಹೊತ್ತವರು, ನಮಗೇನು ಹೇಳಿಕೊಡ್ತೀರಿ" ಅನ್ನುವವರೂ ಇದ್ದಾರೆ. ಮಾತು ನಿಜ. ಮಿಲ್ಲಿನ ಹಮಾಲರ ಬೆನ್ನಿನ ಮುಂದೆ ನಮ್ಮ ಹುಡುಗರ ಬೈಸೆಪ್ಸ್ ಏನೂ ಅಲ್ಲ. ಆದರೆ ಚೀಲದ ತೂಕ ನಿಮ್ಮನ್ನು ಕೇಳಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಮೊದಲ ದಿನವೂ ಅಷ್ಟೇ, ಬೆನ್ನು ಹಿಡಿದುಕೊಂಡ ದಿನವೂ ಅಷ್ಟೇ. ದುಡಿತ ದೇಹವನ್ನು ಸವೆಸಲೂಬಹುದು. ತಾಲೀಮಿನಲ್ಲಿ ಇವತ್ತು ಎಷ್ಟು ಎತ್ತಬೇಕು ಅನ್ನುವುದನ್ನು ನಾವೇ ತೀರ್ಮಾನ ಮಾಡುತ್ತೇವೆ, ಮಧ್ಯೆ ಒಂದು ದಿನ ಬಿಡುವು ಕೊಡುತ್ತೇವೆ.

ಈಗ "ಈ ವಯಸ್ಸಿಗೆ ಬೇಕಾ" ಅನ್ನುವುದಕ್ಕೆ ಬರೋಣ. 30 ದಾಟಿದ ಮೇಲೆ ಮೈಯಲ್ಲಿನ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ, 60ರ ನಂತರ ಇನ್ನೂ ಬೇಗ. ಶಕ್ತಿ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಹೊಟ್ಟೆ ಬೆಳೆಯುತ್ತಿರುವುದರಿಂದ ತಕ್ಕಡಿಯಲ್ಲಿ ಇದು ಕಾಣುವುದಿಲ್ಲ. ಅಂಜನಾದ್ರಿಯ 575 ಮೆಟ್ಟಿಲಲ್ಲಿ ಕಾಣುತ್ತದೆ. ಹತ್ತುವಾಗ ಏದುಸಿರು ಬಂದರೆ ಎಲ್ಲರೂ ವಾಕಿಂಗ್ ಶುರು ಮಾಡುತ್ತಾರೆ, ಆದರೆ ಇಳಿಯುವಾಗ ತೊಡೆ ನಡುಗಿದರೆ ಅದಕ್ಕೆ ಬರೀ ವಾಕಿಂಗ್ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ನಡಿಗೆಯಂಥ ಚಟುವಟಿಕೆ ಬೇರೆ, ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇರೆ. ಎರಡನೆಯದು ವಾರಕ್ಕೆ ಕನಿಷ್ಠ ಎರಡು ದಿನ ಇರಲೇಬೇಕು ಅಂತ ಇದೆ.

ತಡವಾಯಿತಲ್ಲ ಅನ್ನುವವರಿಗೆ ಒಂದು ವಿಷಯ. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ, ಆರೈಕೆ ಮನೆಯಲ್ಲಿದ್ದ ಹತ್ತು ಜನರಿಗೆ, ಅವರ ಸರಾಸರಿ ವಯಸ್ಸು 90, ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕೊನೆವರೆಗೆ ಉಳಿದವರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಏರಿತು. ಅಂದಹಾಗೆ ಅದನ್ನು ಮಾಡಿಸಿದ್ದು ಯಂತ್ರದ ಮೇಲೆ! ಹಾಗಾಗಿ ಯಂತ್ರ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ, ಕಾಲಿನ ಯಂತ್ರ ಮೂಲೆಯಲ್ಲಿ ಹಾಗೇ ಇರುತ್ತದೆ.

ಹೆಂಗಸರ ಬ್ಯಾಚಿಗೆ ಇದು ಇನ್ನೂ ಮುಖ್ಯ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದಿದ್ದ, ಮುಟ್ಟು ನಿಂತ ನೂರರಷ್ಟು ಹೆಂಗಸರ ಮೇಲೆ ಒಂದು ಪ್ರಯೋಗ ನಡೆದು 2018ರಲ್ಲಿ ಅಚ್ಚಾಯಿತು. ಒಂದು ಗುಂಪಿಗೆ ಮನೆಯಲ್ಲೇ ಮಾಡುವ ಹಗುರ ವ್ಯಾಯಾಮ. ಇನ್ನೊಂದು ಗುಂಪಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು), ತಲೆ ಮೇಲೆ ಎತ್ತುವ ಪ್ರೆಸ್, ಐದೈದರ ಐದು ಸೆಟ್ (ಬಿಡದೆ ಐದು ಸಲ ಎತ್ತಿದರೆ ಒಂದು ಸೆಟ್), ಜೊತೆಗೆ ಸ್ವಲ್ಪ ಜಿಗಿತ. ಎಂಟು ತಿಂಗಳಲ್ಲಿ ಭಾರ ಎತ್ತಿದವರ ಸೊಂಟದ ಮಟ್ಟದ ಬೆನ್ನುಮೂಳೆ ಶೇ. 2.9ರಷ್ಟು ಗಟ್ಟಿಯಾಯಿತು, ಹಗುರ ವ್ಯಾಯಾಮದವರದು ಶೇ. 1.2ರಷ್ಟು ಇಳಿಯಿತು. ಆದರೆ ಅಲ್ಲಿ ಪಕ್ಕದಲ್ಲಿ ಕಲಿಸುವವರು ನಿಂತೇ ಇದ್ದರು, ಮೊದಲ ತಿಂಗಳು ಹಗುರ ತೂಕದಲ್ಲಿ ಬರೀ ಕಲಿಸಿದರು. ಒಂದು ಬ್ಯಾಚಿಗೆ 8 ಜನ ಸಾಕು ಅಂತ ನಾವು ಹಟ ಹಿಡಿದಿರುವುದು ಸುಮ್ನೆ ಅಲ್ಲ.

ತಾಲೀಮು ಹೇಗಿರುತ್ತದೆ? ಎಲ್ಲರೂ ಖಾಲಿ ಬಾರ್‌ನಿಂದ ಶುರು ಮಾಡಬೇಕು. ದೊಡ್ಡ ಬಾರ್ 20 ಕೆಜಿ, ಅದಕ್ಕಿಂತ ತೆಳು ಹಿಡಿತದ್ದು 15 ಕೆಜಿ, ಹೊಸಬರಿಗೆ 10 ಕೆಜಿಯದೊಂದು ಇದೆ. ಇಲ್ಲಿ ಹಳೆಯ ಪೈಲ್ವಾನರ ಹತ್ತಿರ ಒಂದು ಮಾತು. ಇಪ್ಪತ್ತೈದರಲ್ಲಿ ಜಾತ್ರೆಯಲ್ಲಿ ಗುಂಡು ಎತ್ತಿದವರು, ಗರಡಿಯಲ್ಲಿ ಬಸ್ಕಿ ಹೊಡೆದವರು ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ, ನಮಗೆ ಜಾಸ್ತಿ ಭಯ ಇರುವುದೂ ನಿಮ್ಮ ಬಗ್ಗೆಯೇ. ಮೈ ಮರೆತಿದೆ, ಮನಸ್ಸು ಮರೆತಿಲ್ಲ. ಒಮ್ಮೆ ಬೆಳೆದಿದ್ದ ಸ್ನಾಯು ಬೇಗ ವಾಪಸ್ ಬರುತ್ತದೆ, ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಹಾಗಾಗಿ ಎರಡನೇ ವಾರ "ಆರಾಮಿದೆ ಅಣ್ಣ, ಇನ್ನೊಂದು ಪ್ಲೇಟ್ ಹಾಕಿ" ಅಂದವರೇ ಆರನೇ ವಾರ ಮೊಣಕೈ ಹಿಡಿದುಕೊಂಡು ಬರುತ್ತಾರೆ. ಇನ್ನು ಮೇಲೆ ತೂಕ ಏರಿಸುವುದು ನಿಮ್ಮ ಹುಮ್ಮಸ್ಸು ನೋಡಿ ಅಲ್ಲ, ಕೋಚ್ ಹತ್ತಿರ ಇರುವ ನೋಟ್‌ಬುಕ್ ನೋಡಿ. ಹೋದ ಸಲ ಐದೈದರ ಮೂರು ಸೆಟ್ ಸರಿಯಾಗಿ ಮುಗಿದಿದ್ದರೆ ಸ್ಕ್ವಾಟ್‌ಗೆ ಎರಡೂವರೆ ಕೆಜಿ, ಪ್ರೆಸ್‌ಗೆ ಒಂದು ಕೆಜಿ. ಕೆಲವು ವಾರ ಆದಮೇಲೆ ಅದೂ ನಿಧಾನವಾಗಿ ವಾರಕ್ಕೊಂದೇ ಸಲ ಏರುತ್ತದೆ. ಆಗ ಮೂರು ದಿನದಲ್ಲಿ ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ನಡುವಿನದು. ನಾಟಿ, ಸುಗ್ಗಿ, ಮದುವೆ ಅಂತ ಎರಡು ವಾರ ಬರದಿದ್ದರೆ ಶೇ. 10 ಇಳಿಸಿ ಮತ್ತೆ ಹಿಡಿಯಬೇಕು. "ಒಂದೇ ಸಲಕ್ಕೆ ಎಷ್ಟು ಎತ್ತುತ್ತೀರಿ ನೋಡೋಣ" ಅನ್ನುವ ಪಂದ್ಯ ಈ ಬ್ಯಾಚಿಗೆ ಇರುವುದಿಲ್ಲ.

ಡೆಡ್‌ಲಿಫ್ಟ್ ಬಗ್ಗೆ ಎಲ್ಲರೂ ಹೆದರುತ್ತೀರಿ, ಬೆನ್ನು ಹೋಗುತ್ತದೆ ಅಂತ. ದೊಡ್ಡ ಪ್ಲೇಟ್ 45 ಸೆಂಟಿಮೀಟರ್ ಅಗಲ ಇರುವುದರಿಂದ ಬಾರ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಹೊಸಬರು ಚಿಕ್ಕ ಪ್ಲೇಟ್ ಹಾಕಿದಾಗ ಬಾರ್ ಕೆಳಗಿಳಿಯುತ್ತದೆ, ಬಗ್ಗುವುದು ಜಾಸ್ತಿ ಆಗುತ್ತದೆ, ಬೆನ್ನು ಗೂನಾಗುತ್ತದೆ. ಅಂದರೆ ಹಗುರ ತೂಕದವರಿಗೇ ಕಷ್ಟ ಜಾಸ್ತಿ! ಅದಕ್ಕೆ ಚಿಕ್ಕ ಪ್ಲೇಟಿನ ಅಡಿಗೆ ಇಡಲು ಮರದ ಹಲಗೆ ಮಾಡಿಸಿ ಇಟ್ಟಿದ್ದೇವೆ. ಮೊಣಕಾಲು ನೋವಿದ್ದವರಿಗೆ ಪೂರ್ತಿ ಕೂರುವ ಬದಲು ಸ್ಟೂಲ್ ಮೇಲೆ ಕೂತು ಏಳುವುದರಿಂದ ಶುರು. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದುಕೊಳ್ಳುವುದು ಸಾಮಾನ್ಯ, ಅಂಥವರಿಗೆ ಬೆನ್ನ ಮೇಲೆ ಬಾರ್ ಹಿಡಿಯಲು ಆಗುವುದಿಲ್ಲ, ಎದೆ ಮುಂದೆ ಡಂಬೆಲ್ ಹಿಡಿದು ಕೂರಬಹುದು. ರ್ಯಾಕ್‌ನ ಸೇಫ್ಟಿ ರಾಡ್ ಹಾಕದೆ ಸ್ಕ್ವಾಟ್ ಇಲ್ಲ. ಪಕ್ಕದಲ್ಲಿ ಯಾರೂ ಇಲ್ಲದೆ ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಬಾರ್ ಎತ್ತುವುದು) ಇಲ್ಲ.

ಸೇರುವ ಮೊದಲು ಡಾಕ್ಟರ್ ಹತ್ತಿರ ಒಂದು ಚೀಟಿ ತನ್ನಿ. ಈ ಒಂದು ವಿಷಯದಲ್ಲಿ ಮುಲಾಜಿಲ್ಲ. ಭಾರ ಎತ್ತುವಾಗ ಉಸಿರು ಹಿಡಿದರೆ ಆ ಕೆಲವು ಸೆಕೆಂಡು ಬಿಪಿ ಜೋರಾಗಿ ಏರುತ್ತದೆ. ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಹತೋಟಿಯಲ್ಲಿ ಇಲ್ಲದಿದ್ದರೆ ಅಪಾಯ. ಬಾಗಿಲ ಹತ್ತಿರ ಬಿಪಿ ಯಂತ್ರ ಇರುತ್ತದೆ. 160/100 ದಾಟಿದ್ದರೆ ಅಂದು ಬಾರ್ ಮುಟ್ಟುವಂತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಶುಗರ್ ಇದ್ದವರಿಗೆ ಈ ತಾಲೀಮು ನಿಜಕ್ಕೂ ಒಳ್ಳೆಯದು, ಊಟದ ನಂತರ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಎಳೆದುಕೊಳ್ಳುವುದು ಸ್ನಾಯುಗಳೇ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು, ಕೆಲವು ಮಾತ್ರೆ ನುಂಗುವವರಿಗೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮೆಂಟ್ ಇರಲಿ. ಶುಗರ್‌ನಿಂದ ಕಣ್ಣಿನ ಒಳಪದರ ಹಾಳಾಗಿದೆ ಅಂತ ಡಾಕ್ಟರ್ ಹೇಳಿದ್ದರೆ, ಅಥವಾ ಹರ್ನಿಯಾ ಇದ್ದರೆ, ಅವರು ಒಪ್ಪುವವರೆಗೆ ಭಾರ ಬೇಡವೇ ಬೇಡ.

ಇನ್ನೊಂದು ಬದಲಾವಣೆ. ಕೌಂಟರಿನಲ್ಲಿ ಪ್ರೋಟೀನ್ ಪೌಡರ್ ಡಬ್ಬ ಮಾರುವುದನ್ನು ನಿಲ್ಲಿಸಿದ್ದೇವೆ. ಅದರಲ್ಲಿ ನಮಗೆ ನಾಲ್ಕು ಕಾಸು ಉಳಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದಿನಕ್ಕೆ ಒಂದು ಕೆಜಿ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ 70 ಕೆಜಿಯವರಿಗೆ 58 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ನೂರು ಗ್ರಾಂ ಶೇಂಗಾದಲ್ಲಿ 25. ನಮ್ಮ ಊರಿನ ತೊಂದರೆ ಅಂದರೆ ತಟ್ಟೆ ತುಂಬಾ ಅನ್ನ, ಅದರ ಮೇಲೆ ತಿಳಿಸಾರು. ಸೋನಾ ಮಸೂರಿ ಬೆಳೆಯುವ ಊರಿನಲ್ಲಿ ಅನ್ನ ಬಿಡಿ ಅಂತ ಹೇಳುವ ಧೈರ್ಯ ನಮಗಿಲ್ಲ. ಒಂದು ಹಿಡಿ ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಎರಡು ಮೊಟ್ಟೆ ಬರಲಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಫೀ ವಿಷಯ. ಮೊದಲು ತಿಂಗಳಿಗೆ 900 ಇತ್ತು. ಈಗ ಮೂರು ತಿಂಗಳಿಗೆ 3,000, ಅಂದರೆ ತಿಂಗಳಿಗೆ 100 ಜಾಸ್ತಿ. ಎಂಟೇ ಜನಕ್ಕೆ ಒಬ್ಬ ಕೋಚ್ ನಿಲ್ಲಿಸುವುದರಿಂದ ಇದಕ್ಕಿಂತ ಕಡಿಮೆಗೆ ಆಗುತ್ತಿಲ್ಲ. ಮೂರು ತಿಂಗಳೇ ಯಾಕೆ ಅಂದರೆ, ಮೊದಲ ಕೆಲವು ವಾರ ಏರುವ ಶಕ್ತಿಯಲ್ಲಿ ಹೆಚ್ಚಿನ ಪಾಲು ನರಗಳು ಕೆಲಸ ಕಲಿತದ್ದರಿಂದ ಬರುತ್ತದೆ, ಸ್ನಾಯು ನಿಜವಾಗಿ ಬೆಳೆಯುವುದು ಆಮೇಲೆ. ಒಂದೇ ತಿಂಗಳಿಗೆ ಬಂದು ಕನ್ನಡಿ ನೋಡಿ ಬೇಜಾರಾಗಿ ಬಿಟ್ಟವರನ್ನು ಬಹಳ ಜನ ನೋಡಿದ್ದೇವೆ. ವರ್ಷದ ಫೀ ಮೊದಲೇ ಕಟ್ಟಿದವರು ಏನೂ ಸೇರಿಸಿ ಕೊಡಬೇಕಿಲ್ಲ. ಬಾರ್ಬೆಲ್ ಬೇಡ ಅನ್ನುವವರು ಸಂಜೆ 4ರಿಂದ 6 ಬರಬಹುದು, ಉಳಿದ ಯಂತ್ರಗಳು ಮತ್ತು ಟ್ರೆಡ್‌ಮಿಲ್ ಹಳೆಯ ಫೀಗೇ ಸಿಗುತ್ತವೆ. ಅದೂ ಬೇಡ ಅಂದರೆ ಉಳಿದ ದಿನಗಳ ದುಡ್ಡು ವಾಪಸ್ ಕೊಡುತ್ತೇವೆ, ರಸೀದಿ ತನ್ನಿ.

ಬರುವಾಗ ಮೆತ್ತನೆ ಅಡಿಯ ರನ್ನಿಂಗ್ ಶೂ ಬೇಡ, ಭಾರ ಹೊತ್ತಾಗ ಕಾಲು ಅಲುಗಾಡುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆಳಗಿನ ಬ್ಯಾಚ್ 5ಕ್ಕೇ ಶುರುವಾಗುತ್ತದೆ, ಹೆಂಗಸರ ಬ್ಯಾಚ್ 9ಕ್ಕೆ ಬರುತ್ತದೆ. ಹೆಸರು ಬರೆಸುವುದು ಈ ತಿಂಗಳ 25ರೊಳಗೆ, ಕೌಂಟರಿನಲ್ಲಿ. ಈಗಾಗಲೇ ಬೆಳಗ್ಗೆ ಬರುತ್ತಿರುವವರಿಗೆ ಮೊದಲ ಜಾಗ, ಆಮೇಲೆ ಹೊಸಬರಿಗೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಏನಾದರೂ ಕಡಿಮೆ ಮಾಡ್ತೀರಾ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ಮಾಡುತ್ತೇವೆ, ಇಬ್ಬರಿಗೂ ಸೇರಿ 5,500.

ಇಂತಿ,
ನಿಮ್ಮ ಜಿಮ್ ಬಳಗ, ಗಂಗಾವತಿ