ಹೊಲದ ಕಾಗದ ಯಾರ ಕೈಗೂ ಕೊಡಬೇಡಿ

ಹೈಮಾ, ಒಮಾನ್
ಜೂನ್ ಕೊನೆಯ ವಾರ

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ನೀವೂ ಆರಾಮ ಇದ್ದೀರಿ ಅಂದುಕೊಂಡಿದ್ದೆ, ಗೀತಾ ಬರೆದದ್ದು ಓದುವ ತನಕ. ಗೀತಾ, ಇದನ್ನು ಅಪ್ಪನ ಮುಂದೆ ಕೂತು ನಿಧಾನವಾಗಿ ಓದು. ಮಂಜನೂ ಅಲ್ಲೇ ಇರಲಿ. ಫೋನಿನಲ್ಲಿ ಹೇಳೋಣ ಅಂದರೆ ಇಲ್ಲಿ ಸಿಗ್ನಲ್ ನಡುನಡುವೆ ಹೋಗುತ್ತದೆ. ಅಪ್ಪನಿಗೆ ಅರ್ಧ ಕೇಳಿಸಿ ಇನ್ನರ್ಧ ಬೇರೆಯೇ ಆಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದೇ ಮಾತು. ಕಾಲುವೆ ಕೆಳಗಿನ ಹೊಲದ ಕಾಗದ ಯಾರ ಕೈಗೂ ಕೊಡಬೇಡಿ. ನಾನು ಬೇಡ ಅನ್ನುವುದಕ್ಕೆ ಕಾರಣ ಇದೆ, ಪೂರ್ತಿ ಕೇಳಿ.

ಮಂಜನ ಲಾರಿಯ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಬೇಕು, 4 ಲಕ್ಷ ಆಗುತ್ತದೆ ಅಂತ ಮೇಸ್ತ್ರಿ ಹೇಳಿದ, ಅಪ್ಪ ಹೊಲ ಇಟ್ಟು ನೂರಕ್ಕೆ 3 ರೂಪಾಯಿ ಬಡ್ಡಿಗೆ ದುಡ್ಡು ತರಲು ಒಪ್ಪಿದ್ದಾರೆ ಅಂತ ಗೀತಾ ಬರೆದಿದ್ದಾಳೆ. ಲೆಕ್ಕ ಹಾಕಿ. 4 ಲಕ್ಷಕ್ಕೆ ತಿಂಗಳಿಗೆ 12,000 ಬರೀ ಬಡ್ಡಿ. ವರ್ಷಕ್ಕೆ 1,44,000. ಅಸಲು ಹಾಗೇ ಕೂತಿರುತ್ತದೆ. ಮೆಣಸಿನಕಾಯಿ ರೇಟು ಬಿದ್ದ ವರ್ಷ ಅದನ್ನು ಎಲ್ಲಿಂದ ಕಟ್ಟುತ್ತೀರಿ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ನಮ್ಮ ಮನೆ ಹೇಗಿತ್ತು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಗಿನ ಲಾರಿ ಬೇವಿನ ಮರದ ಕೆಳಗೆ ನಿಂತಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಫೈನಾನ್ಸಿನವರು ಬಂದು ಎಳೆದುಕೊಂಡು ಹೋದರು. ಆಗಲೂ ಹೊಲ ಉಳಿದಿತ್ತು, ಅದರಿಂದ ಊಟ ಮಾಡಿದೆವು. ಈಗ ಅದನ್ನೇ ಇಡುವುದು ಬೇಡ.

ಇನ್ನು ಗಾಡಿ ವಿಷಯ. ಗೀತಾ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಖಾಲಿ ಟ್ರೈಲರ್ ಎಳೆದರೆ ಏನೂ ಇಲ್ಲ. ಅದಿರು ತುಂಬಿ ಸಂಡೂರಿನ ಗುಡ್ಡ ಏರುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಹೊಸಪೇಟೆ ದಾಟಿ ಗಿಣಿಗೇರಿ ಕಡೆ ಬಯಲಿಗೆ ಬಂದರೆ ತಾನೇ ಇಳಿಯುತ್ತದೆ. ಬಿಳಿ ಹೊಗೆ ಇಲ್ಲ, ಆಯಿಲ್ ಕಡಿಮೆ ಆಗುತ್ತಿಲ್ಲ. ಏಪ್ರಿಲ್‌ನಿಂದ ಶುರುವಾಗಿದೆ. ಮಂಜ, ಇದು ಎಂಜಿನ್ ಸತ್ತ ಲಕ್ಷಣ ಅಲ್ಲ. ಎಂಜಿನ್ ಹುಟ್ಟಿಸುವ ಬಿಸಿ ಹೊರಗೆ ಹೋಗುತ್ತಿಲ್ಲ, ಅಷ್ಟೇ. ಇಲ್ಲಿ ಜೂನ್ ಬಂತೆಂದರೆ ಇದೇ ಕಾಯಿಲೆಯ ಗಾಡಿಗಳು ನಮ್ಮ ವರ್ಕ್‌ಶಾಪಿಗೆ ಸಾಲಾಗಿ ಬರುತ್ತವೆ. ಎಂಜಿನ್ ಕಟ್ಟುವುದು ಕೊನೆಯ ಮಾತು.

ನನಗೂ ಈ ತಿಂಗಳು ಹಾಗೇ ಆಯಿತು. ಅವ್ವ, ಗಾಬರಿ ಆಗಬೇಡ, ನನಗೆ ಏನೂ ಆಗಿಲ್ಲ, ಗಾಡಿಗೂ ಏನೂ ಆಗಿಲ್ಲ. ಪೈಪ್ ತುಂಬಿದ ಟ್ರೈಲರ್ ಎಳೆದುಕೊಂಡು ಹೈಮಾದಿಂದ ಮರ್ಮೂಲ್ ಎಣ್ಣೆ ಬಾವಿಗಳ ಕಡೆ ಹೊರಟಿದ್ದೆ. ಹೊರಗೆ 48 ಡಿಗ್ರಿ. ಸುತ್ತ ಮರ ಇಲ್ಲ, ಗುಡ್ಡ ಇಲ್ಲ, ಮರಳು ಮತ್ತು ಜಲ್ಲಿ ನೆಲ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಗಾಳಿ ಹಿಂದಿನಿಂದ ಬಂದರೆ ಕೆಟ್ಟದ್ದು ಮಂಜ, ಗಾಡಿ ಓಡುತ್ತಿದ್ದರೂ ಎಂಜಿನ್ ನೀರು ತಂಪಾಗಿಸುವ ರೇಡಿಯೇಟರ್‌ಗೆ ಮುಂದಿನಿಂದ ಗಾಳಿ ಬಡಿಯುವುದಿಲ್ಲ. ಆಗ ಫ್ಯಾನ್ ಒಂದೇ ಗತಿ. ಮುಳ್ಳು ಏರಿತು. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿದೆ. ಹೌದು, 48 ಡಿಗ್ರಿಯಲ್ಲಿ ಹೀಟರ್! ಕ್ಯಾಬಿನ್ ಕುಲುಮೆ ಆಗುತ್ತದೆ, ಆದರೆ ಅದೂ ಒಂದು ಸಣ್ಣ ರೇಡಿಯೇಟರ್, ಒಂದಿಷ್ಟು ಬಿಸಿ ಎಳೆದು ಹಾಕುತ್ತದೆ. ಒಂದು ಗೇರ್ ಇಳಿಸಿದೆ. ಸ್ಪೀಡ್ ಕಡಿಮೆ, ಆರ್‌ಪಿಎಂ ಜಾಸ್ತಿ. ಹಾಗೆ ಮಾಡಿದರೆ ವಾಟರ್ ಪಂಪ್ ಜೋರಾಗಿ ತಿರುಗುತ್ತದೆ, ಎಂಜಿನ್ ಒದ್ದಾಡುವುದೂ ತಪ್ಪುತ್ತದೆ. ಆಮೇಲೆ ಗಾಡಿಯ ಮೂತಿ ಗಾಳಿಗೆ ಎದುರಾಗುವಂತೆ ತಿರುಗಿಸಿ ಬದಿಗೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ. ನೀರು ಸೋರುತ್ತಿಲ್ಲ ಅಂತ ನೋಡಿಕೊಂಡು, ಲೋಡ್ ಇಲ್ಲದೆ ಸ್ವಲ್ಪ ರೇಸ್‌ನಲ್ಲಿ ಓಡಲು ಬಿಟ್ಟೆ. ಮುಳ್ಳು ಇಳಿಯಿತು. ನೀರು ಪೂರ್ತಿ ಹೋಗಿದ್ದರೆ ಮಾತ್ರ ಕೂಡಲೇ ಆಫ್ ಮಾಡಬೇಕು. ಇದ್ದರೆ ಓಡುತ್ತಿರಬೇಕು. ಒಮ್ಮೆಲೇ ನಿಲ್ಲಿಸಿದರೆ ನೀರು ಹರಿಯುವುದು ನಿಂತು ಎಂಜಿನ್ ಮೇಲಿನ ಹೆಡ್ಡಿನಲ್ಲಿ ಕುದಿಯುತ್ತದೆ, ಟರ್ಬೊಗೂ ಪೆಟ್ಟು.

ಆಫ್ ಮಾಡಿ ಕೀ ತೆಗೆದ ಮೇಲೆ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿದೆ. ಸರ್ರನೆ ತಿರುಗಿತು. ಬಿಸಿ ಎಂಜಿನ್ನಿನಲ್ಲಿ ವಿಸ್ಕಸ್ ಫ್ಯಾನ್, ಅಂದರೆ ಎಣ್ಣೆ ಕ್ಲಚ್ಚಿನ ಫ್ಯಾನ್, ಬಿಗಿ ಹಿಡಿಯಬೇಕು, ಅಷ್ಟು ಸಲೀಸಾಗಿ ತಿರುಗಬಾರದು. ಕ್ಲಚ್ ಒಳಗಿನ ಸಿಲಿಕೋನ್ ಎಣ್ಣೆ ಸೋರಿ ಹೋಗಿತ್ತು. ನಮ್ಮ ಫೋರ್‌ಮನ್ ಪೇಶಾವರದವನು, ಕ್ಲಚ್ ಮಾತ್ರ ಬದಲಾಯಿಸಿದ. ಅವತ್ತಿನಿಂದ ಮುಳ್ಳು ತನ್ನ ಜಾಗ ಬಿಟ್ಟು ಅಲ್ಲಾಡಿಲ್ಲ.

ನಿನ್ನದೂ ಅದೇ ಆಗಿರಬಹುದು, ರೇಡಿಯೇಟರ್ ಆಗಿರಬಹುದು. ನನಗೆ ರೇಡಿಯೇಟರ್ ಮೇಲೇ ಜಾಸ್ತಿ ಅನುಮಾನ. ಸಂಡೂರಿನ ಕೆಂಪು ಧೂಳು ಎಂಥದು ಅಂತ ಹೇಳಬೇಕಾ? ರಸ್ತೆ ಬದಿಯ ಎಲೆ ಕೂಡ ಕೆಂಪು. ಆ ಧೂಳು ಎಂಜಿನ್ನಿಗೆ ಹೋಗುವ ಗಾಳಿ ತಂಪಾಗಿಸುವ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕೂರುತ್ತದೆ. ಆಯಿಲ್ ಪಸೆ ಸೇರಿದರೆ ಗಟ್ಟಿ ಕಟ್ಟುತ್ತದೆ. ಮುಂದಿನಿಂದ ನೀರು ಹೊಡೆದರೆ ಹೊರಗೆ ತೊಳೆದ ಹಾಗೆ ಕಾಣುತ್ತದೆ, ಒಳಗೆ ಹಾಗೇ ಇರುತ್ತದೆ. ಇಂಟರ್‌ಕೂಲರ್ ಸರಿಸಿ, ಫ್ಯಾನ್ ಕಡೆಯಿಂದ ಹೊರಕ್ಕೆ ತೊಳೆಯಬೇಕು. ಪ್ರೆಶರ್ ಗನ್ ಹತ್ತಿರ ಹಿಡಿಯಬೇಡ, ತೆಳು ರೆಕ್ಕೆಗಳು ಮಡಚಿಕೊಂಡರೆ ಗಾಳಿ ಪೂರ್ತಿ ಬಂದ್. ಫ್ಯಾನ್ ಸುತ್ತಲಿನ ತೊಟ್ಟಿಯಂಥ ಕವರ್ ಇದೆಯಾ ನೋಡು. ತುಂಬಾ ಗಾಡಿಯಲ್ಲಿ ಬಿಚ್ಚಿಟ್ಟು ಮತ್ತೆ ಹಾಕಿರುವುದೇ ಇಲ್ಲ.

ಹೊರಗಿನಷ್ಟೇ ಒಳಗೂ ಮುಖ್ಯ. ನೀವು ಬೋರ್ ನೀರು ಹಾಕುತ್ತೀರಿ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತಳ ಅವ್ವನಿಗೆ ಗೊತ್ತು, ಬಿಳಿ ಪದರ. ಅದೇ ಪದರ ರೇಡಿಯೇಟರ್ ಕೊಳವೆಗಳಲ್ಲಿ, ಎಂಜಿನ್ ಬ್ಲಾಕ್ ಒಳಗೆ ಕೂರುತ್ತದೆ. ಬಿಸಿ ದಾಟುವುದಿಲ್ಲ. ತಾಮ್ರದ ರೇಡಿಯೇಟರ್ ಆಗಿದ್ದರೆ ಬಿಚ್ಚಿಸಿ ರಾಡಿಂಗ್ ಮಾಡಿಸು, ಕೊಳವೆಗಳಲ್ಲಿ ಸರಳು ಹಾಕಿ ಪದರ ಕೆರೆದು ತೆಗೆಯುತ್ತಾರೆ. ಅಲ್ಯೂಮಿನಿಯಂ ಆಗಿದ್ದರೆ ಕೋರ್ ಬದಲಾಯಿಸುವುದೇ ಒಳ್ಳೆಯದು. ಆಮೇಲೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೋರ್ ನೀರು ಒಂದು ಚೊಂಬೂ ಬೇಡ.

ರೇಡಿಯೇಟರ್ ಮುಚ್ಚಳ ಹೊಸದು ಹಾಕು. ಚಿಕ್ಕ ಸಾಮಾನು ಅಂತ ಯಾರೂ ನೋಡುವುದಿಲ್ಲ. ಅದರ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಅರ್ಧ ಕೂಲೆಂಟ್ ಇದ್ದು, ಒತ್ತಡದ ಲೆಕ್ಕದಲ್ಲಿ 15 ಪಿಎಸ್‌ಐ ಮುಚ್ಚಳ ಸರಿಯಾಗಿದ್ದರೆ ಸುಮಾರು 129 ಡಿಗ್ರಿ ತನಕ ತಡೆಯುತ್ತದೆ. ನಿನ್ನ ಗಾಡಿಗೆ ಎಷ್ಟರದ್ದು ಬೇಕು ಅಂತ ಹಳೆಯ ಮುಚ್ಚಳದ ಮೇಲೇ ಬರೆದಿರುತ್ತದೆ, ಅಷ್ಟರದ್ದೇ ತಗೋ.

ಇನ್ನೊಂದು. ಮೇಸ್ತ್ರಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದಾಗ ರೇಡಿಯೇಟರ್ ಕಡೆ ನೀರು ಬಿಡುವ ಕವಾಟ, ಕಿತ್ತು ಹಾಕಿದ್ದಾನೆ ಅಂತ ಗೀತಾ ಬರೆದಿದ್ದಾಳೆ. ಅದನ್ನು ಓದಿ ಸಿಟ್ಟು ಬಂತು. ತುಂಬಾ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿ ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತು ಹಾಕಿದರೆ ಆ ದಾರಿ ಸದಾ ತೆರೆದೇ ಇರುತ್ತದೆ. ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತು ಹೊಡೆಯುತ್ತದೆ. ತಂಪಾಗಲಿ ಅಂತ ಮಾಡಿದ್ದು ಲೋಡ್ ಬಿದ್ದಾಗ ಬಿಸಿ ಜಾಸ್ತಿ ಮಾಡುತ್ತದೆ. ಕಂಪನಿ ಹೇಳಿದ ಡಿಗ್ರಿಯದ್ದೇ ಹೊಸದು ಹಾಕಿಸು. ಬೆಲ್ಟ್ ಸಡಿಲ ಇದೆಯಾ, ಕೆಳಗಿನ ಹೋಸ್ ರೇಸ್ ಕೊಟ್ಟಾಗ ಚಪ್ಪಟೆ ಆಗುತ್ತದಾ, ಅದನ್ನೂ ನೋಡು. ಟ್ರೈಲರ್ ಚಕ್ರಗಳ ಹತ್ತಿರ ಕೈ ಹಿಡಿದು ನೋಡು. ಒಂದು ಮಾತ್ರ ಉರಿಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ಸುಮ್ನೆ ಅದನ್ನೂ ಎಳೆಯುತ್ತಿದೆ.

ಅಪ್ಪನ ಭಯ ಹೆಡ್ ಗ್ಯಾಸ್ಕೆಟ್ ಬಗ್ಗೆ, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್. ಅದನ್ನು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಬೆಳ್ಳಗೆ ಬಂದರೆ, ಗ್ಯಾಸ್ಕೆಟ್ ಹೋಗಿದೆ ಅನ್ನಬಹುದು. ಹಾಗಿದ್ದರೂ ಹೆಡ್ ಇಳಿಸಿ ಸರಿ ಮಾಡುವ ಕೆಲಸ. ಇಡೀ ಎಂಜಿನ್ ಯಾಕೆ ಬಿಚ್ಚಬೇಕು?

ಮಂಜ, ಹೊತ್ತು ನೋಡಿ ಗಾಡಿ ಹೊಡೆ. ರೇಡಿಯೇಟರ್ ನೀರು 95 ಡಿಗ್ರಿ, ಹೊರಗಿನ ಗಾಳಿ 25 ಇದ್ದರೆ ನಡುವೆ 70ರ ವ್ಯತ್ಯಾಸ. ನಮ್ಮ ಬೇಸಿಗೆಯ ಮಧ್ಯಾಹ್ನ 42 ಆದರೆ ಅದು 53ಕ್ಕೆ ಇಳಿಯುತ್ತದೆ. ಅಷ್ಟರ ಮಟ್ಟಿಗೆ ರೇಡಿಯೇಟರ್ ಶಕ್ತಿ ಕಡಿಮೆ ಆದ ಹಾಗೆ. ಗುಡ್ಡ ಬೆಳಗಿನ ಜಾವ ಏರು. ಏಜೆಂಟ್ ಎರಡು ಟನ್ ಜಾಸ್ತಿ ಹಾಕುತ್ತೇನೆ ಅಂದರೆ ಬೇಡ ಅನ್ನು. ಆ ಎರಡು ಟನ್ನಿನ ಬಾಡಿಗೆ ನಿನಗೆ ಉಳಿಯುವುದಿಲ್ಲ.

ಮತ್ತೆ ನಿನ್ನ ಕೈ. ಗೀತಾ ಕೊನೆಯಲ್ಲಿ ಒಂದು ಸಾಲು ಬರೆದಿದ್ದಾಳೆ, ಅವ್ವ ಹೇಳಬೇಡ ಅಂದಳಂತೆ. ಗೋಣಿಚೀಲ ಹಿಡಿದು ಬಿಸಿ ಮುಚ್ಚಳ ತಿರುಗಿಸಿದ್ದೀಯ. ಬೊಬ್ಬೆ ಒಡೆಯಬೇಡ, ಪೇಸ್ಟ್ ಗೀಸ್ಟ್ ಹಚ್ಚಬೇಡ. ಇವತ್ತೇ ಡಾಕ್ಟರಿಗೆ ತೋರಿಸು, ಟಿಟಿ ಹಾಕಿಸಿಕೊಳ್ಳಬೇಕಾ ಕೇಳು. ಮೇಲಿನ ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಸಿಗುವ ತನಕ ಮುಚ್ಚಳ ಮುಟ್ಟಬೇಡ. ಕಾದ ಎಂಜಿನ್‌ಗೆ ತಣ್ಣೀರನ್ನೂ ಸುರಿಯಬೇಡ, ಹೆಡ್ ಬಿರುಕು ಬಿಡುತ್ತದೆ. ಆಗ ಮೇಸ್ತ್ರಿ ಹೇಳಿದ 4 ಲಕ್ಷ ನಿಜ ಆಗಿಬಿಡುತ್ತದೆ.

ಅವ್ವ, ನನ್ನ ಬಗ್ಗೆ ಚಿಂತೆ ಮಾಡಬೇಡ. ಇಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರದ ನಿಯಮ. ಆ ಹೊತ್ತಿಗೆ ಲೋಡಿಂಗ್ ನಿಲ್ಲುತ್ತದೆ, ನಾವು ಎಸಿ ರೂಮಿನಲ್ಲಿ ಮಲಗುತ್ತೇವೆ. ನೀರು ಬೇಕಾದಷ್ಟು. ಮಜ್ಜಿಗೆ ಬಾಟಲಿಯಲ್ಲಿ ಸಿಗುತ್ತದೆ, ದಿನಾ ಕುಡಿಯುತ್ತೇನೆ. ಹೋಟೆಲಿನವರು ಕೇರಳದವರು, ಅನ್ನ ಸಾರು ಸಿಗುತ್ತದೆ. ಒಗ್ಗರಣಿ ಮಿರ್ಚಿ ಒಂದು ಸಿಗುವುದಿಲ್ಲ. ರಸ್ತೆ ನೋಡಿದರೆ ಅಪ್ಪನಿಗೆ ಖುಷಿ ಆಗುತ್ತದೆ, ಗುಂಡಿ ಇಲ್ಲ. ಒಂಟೆ ಅಡ್ಡ ಬರುತ್ತದೆ ಅಂತ ಬೋರ್ಡ್ ಹಾಕಿರುತ್ತಾರೆ, ನಿಜವಾಗಿಯೂ ಬರುತ್ತವೆ. ನಿಧಾನವಾಗಿ ದಾಟುತ್ತವೆ, ಎಷ್ಟು ದೊಡ್ಡ ಟ್ರೈಲರ್ ಆದರೂ ಕಾಯಲೇಬೇಕು.

ಕಳೆದ ವಾರ ಸಲಾಲಾಕ್ಕೆ ಹೋಗಿದ್ದೆ. ಥುಮ್ರೈತ್ ತನಕ ಉರಿ ಬಿಸಿಲು. ಅಲ್ಲಿಂದ ಸಮುದ್ರದ ಕಡೆ ಗುಡ್ಡ ಇಳಿಯುವಾಗ ಒಮ್ಮೆಲೇ ಮಂಜು, ತುಂತುರು ಮಳೆ, ವೈಪರ್ ಹಾಕಬೇಕಾಯಿತು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಆ ಗುಡ್ಡ ಶ್ರಾವಣದ ಸಂಡೂರಿನ ಹಾಗೆ ಹಸಿರಾಗಿರುತ್ತದೆ. ರಸ್ತೆ ಬದಿ ಎಳನೀರು, ಬಾಳೆಹಣ್ಣು ಮಾರುತ್ತಾರೆ. ಅರಬ್ ದೇಶ ಅಂದರೆ ಬರೀ ಮರಳು ಅಂತ ಬಸಣ್ಣ ಮಾವ ಹೇಳುತ್ತಿದ್ದನಲ್ಲ, ಅವನಿಗೆ ಆ ಫೋಟೊ ತೋರಿಸಿ.

ದುಡ್ಡಿನ ಬಗ್ಗೆ: ರೇಡಿಯೇಟರ್, ಫ್ಯಾನ್ ಕ್ಲಚ್, ಥರ್ಮೋಸ್ಟಾಟ್, ಮುಚ್ಚಳ, ಕೂಲೆಂಟ್, ಎಲ್ಲಾ ನನ್ನ ಲೆಕ್ಕ. ಸಂಬಳ ಆದ ದಿನ ಅವ್ವನ ಖಾತೆಗೆ ಹಾಕುತ್ತೇನೆ. ನನಗೆ ಇಲ್ಲಿ ಖರ್ಚೇ ಇಲ್ಲ, ರೂಮು ಊಟ ಕಂಪನಿಯದ್ದು, ಕಷ್ಟ ಆಗುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಅಲ್ಲಿಯ ತನಕ ಗಾಡಿ ನಿಂತಿರಲಿ. ನಾಲ್ಕು ದಿನ ಬಾಡಿಗೆ ಹೋದರೆ ಹೋಗಲಿ, ಹೊಲ ಹೋದರೆ ಬರುವುದಿಲ್ಲ. ಅಪ್ಪ, ಸಾಹುಕಾರರಿಗೆ ಮಾತು ಕೊಟ್ಟಾಗಿದೆ ಅಂತ ಸಂಕೋಚ ಬೇಡ. ದೊಡ್ಡ ಮಗ ಬೇಡ ಅಂದ ಅಂತ ನನ್ನ ಮೇಲೆ ಹಾಕಿ. ಅವ್ವ, ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸು, ನನ್ನ ಹೆಸರಲ್ಲೂ ಒಂದು.

ಗೇಟ್‌ಪಾಸ್ ಬಂತು, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಈರಮ್ಮತ್ತೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳಿ. ನಾನು ಪೂರ್ತಿ ಆರಾಮಾಗಿದ್ದೇನೆ, ಏನೂ ತೊಂದರೆ ಇಲ್ಲ. ಮಂಜ, ನಾಳೆ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನೀರಿನ ವಿಡಿಯೊ ಕಳಿಸು. ಗಾಡಿ ಓಡಿಸಿ ಬಂದ ಮೇಲೆ ಕೀ ತೆಗೆದು ಫ್ಯಾನ್ ತಿರುಗಿಸಿ ಅದರದ್ದೂ ಕಳಿಸು. ರಾತ್ರಿ ಥುಮ್ರೈತ್‌ನಲ್ಲಿ ಸಿಗ್ನಲ್ ಸಿಗುತ್ತದೆ, ನೋಡುತ್ತೇನೆ.

ನಿಮ್ಮ ಮಗ,
ವೀರೇಶ